ಒಂದೇ ಬೆಂಜ್, ಐದು ಮೈ

ಎಪ್ಪತ್ತರ ದಶಕದ ಪಶ್ಚಿಮ ಜರ್ಮನಿ, ಚಳಿಗಾಲದ ಒಂದು ಬೆಳಗಿನ ಜಾವ. ಟ್ಯಾಕ್ಸಿ ಡ್ರೈವರ್ ಕಾರಿನೊಳಗೆ ಕೂತು ಬಾಗಿಲೆಳೆದುಕೊಂಡು ಹೀಟರ್ ಹಾಕುತ್ತಾನೆ. ಈ ಹೀಟರ್ ಅವನ ಮೈ ಕಾಯಿಸಲು ಅಲ್ಲ. ನಮ್ಮ ಲಾರಿ, ಜೀಪಿನ ಡ್ರೈವರುಗಳು ಹೀಟರ್ ಎಂದು ಕರೆಯುವ ಗ್ಲೋ ಪ್ಲಗ್ ಅದು. ಇಂಜಿನ್ನಿನ ಒಳಗಿನ ಗಾಳಿ ಕಾದ ಮೇಲೆಯೇ ಡೀಸೆಲ್ ಹೊತ್ತಿಕೊಳ್ಳುವುದು. ಅಲ್ಲಿಯವರೆಗೆ ಸ್ಟೇರಿಂಗ್ ಹಿಡಿದು ಸುಮ್ಮನೆ ಕೂರಬೇಕು. ಈ ಕಾಯುವಿಕೆಗೆ ಜರ್ಮನರು ಒಂದು ಹೆಸರಿಟ್ಟಿದ್ದರು: ರುಡಾಲ್ಫ್ ಡೀಸೆಲ್ ಸ್ಮರಣಾರ್ಥ ಒಂದು ನಿಮಿಷ. ಈ ಜಾತಿಯ ಇಂಜಿನ್ನನ್ನು ಕಂಡುಹಿಡಿದು, 1913ರ ಒಂದು ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾದ ಡೀಸೆಲ್ ಸಾಹೇಬರಿಗೆ ಇಡೀ ದೇಶದ ಟ್ಯಾಕ್ಸಿ ಡ್ರೈವರುಗಳು ದಿನಾ ಬೆಳಿಗ್ಗೆ ಸಲ್ಲಿಸುತ್ತಿದ್ದ ಮೌನಾಚರಣೆ.

ಮೌನ ಮುಗಿದು ಇಂಜಿನ್ ಹತ್ತಿತೆಂದರೆ ಓಣಿಯವರೆಲ್ಲ ಎದ್ದಂತೆಯೇ. ಗಾಡಿ ಹೊರಟರೂ ಪಿಕಪ್ ಎಂಬುದು ಹೆಸರಿಗೆ ಮಾತ್ರ. 55 ಅಶ್ವಶಕ್ತಿಯ 200ಡಿ ಎಂಬ ಮಾದರಿ ನಿಂತಲ್ಲಿಂದ ಗಂಟೆಗೆ ನೂರು ಕಿಲೋಮೀಟರ್ ಮುಟ್ಟಲು ಸುಮಾರು 31 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅದಕ್ಕೂ ಒಂದು ಅಡ್ಡಹೆಸರು ಹುಟ್ಟಿತು. ಮರಳುಗಾಡಿನಲ್ಲಿ ಗಾಳಿಗೆ ಇಷ್ಟಿಷ್ಟೇ ಸರಿಯುವ ಮರಳದಿಬ್ಬವಿರುತ್ತದಲ್ಲ, ಆ ಹೆಸರು.

ಇಷ್ಟೆಲ್ಲ ಗೇಲಿಗೆ ಗುರಿಯಾದ ಕಾರು ಮರ್ಸಿಡಿಸ್ ಬೆಂಜ್. ಕಾರ್ಖಾನೆಯ ಕಡತದಲ್ಲಿ ಇದರ ಹೆಸರು ಡಬ್ಲ್ಯು 123. 1976ರ ಜನವರಿಯಲ್ಲಿ ಲೋಕಕ್ಕೆ ಕಾಣಿಸಿಕೊಂಡು 1986ರ ಜನವರಿಯಲ್ಲಿ ನಿಂತಿತು. ಅಷ್ಟರಲ್ಲಿ ಹೆಚ್ಚುಕಡಿಮೆ 27 ಲಕ್ಷ ಕಾರುಗಳು ಹೊರಬಂದಿದ್ದವು. ಬೆಂಜ್ ಕಂಪನಿಯ ಬೇರೆ ಯಾವ ಮಾದರಿಯೂ ಅಲ್ಲಿಯವರೆಗೆ ಅಷ್ಟು ಸಂಖ್ಯೆ ಕಂಡಿರಲಿಲ್ಲ. ಕೊಳ್ಳುವವರು ಇದನ್ನು ಗುರುತಿಸುತ್ತಿದ್ದುದು ಡಿಕ್ಕಿಯ ಮೇಲಿನ ಅಂಕಿಯಿಂದ. 200 ಎಂದರೆ ಎರಡು ಲೀಟರ್ ಇಂಜಿನ್, 240 ಎಂದರೆ 2.4 ಲೀಟರ್. ಅಂಕಿಯ ಮುಂದೆ ಡಿ ಇದ್ದರೆ ಡೀಸೆಲ್, ಇ ಇದ್ದರೆ ಪೆಟ್ರೋಲನ್ನು ಚಿಮ್ಮಿಸುವ ಇಂಜೆಕ್ಷನ್. ನಮ್ಮ ಕಡೆ ಈ ಲೆಕ್ಕವೆಲ್ಲ ಯಾರಿಗೆ ಬೇಕಿತ್ತು? ಮೂರು ಮೂಲೆಯ ನಕ್ಷತ್ರ ಕಂಡರೆ ಸಾಕು, ಬೆಂಜ್ ಕಾರು.

ಈ ಕಾರನ್ನು ಐಷಾರಾಮಿ ಎನ್ನುವುದು ಎಷ್ಟು ಸರಿ ಎಂಬ ಪ್ರಶ್ನೆ ಇದರ ಕತೆ ಓದುವಾಗಲೆಲ್ಲ ಎದುರಾಗುತ್ತದೆ. ಅಗ್ಗದ 200ಡಿಯಲ್ಲಿ ಪವರ್ ಸ್ಟೇರಿಂಗ್ ಇರಲಿಲ್ಲ. ಕಿಟಕಿಯ ಗಾಜನ್ನು ಕೈಯಲ್ಲೇ ತಿರುವಿ ಇಳಿಸಬೇಕಿತ್ತು. ಬಲಗಡೆಯ ಕನ್ನಡಿಗೂ ರೇಡಿಯೋಗೂ ಬೇರೆ ದುಡ್ಡು ಕೊಡಬೇಕಿತ್ತು. ಸೀಟಿಗೆ ಹೊದಿಸಿದ್ದು ಬಟ್ಟೆ ಅಥವಾ ಗಟ್ಟಿ ರೆಕ್ಸಿನ್. ಆದರೂ ಜನ ಮುಗಿಬಿದ್ದರು. ಯಾಕೆಂಬುದಕ್ಕೆ ಮೂರು ವರ್ಷ ಹಿಂದಕ್ಕೆ ಹೋಗಬೇಕು.

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲದ ನಲ್ಲಿ ಬಿಗಿ ಮಾಡಿದವು. ಪಶ್ಚಿಮ ಜರ್ಮನಿಯ ಸರಕಾರ ನವೆಂಬರ್ 25ರಿಂದ ಶುರುಮಾಡಿ ನಾಲ್ಕು ಭಾನುವಾರ ಖಾಸಗಿ ಕಾರುಗಳು ರಸ್ತೆಗಿಳಿಯಬಾರದೆಂದು ಆಜ್ಞೆ ಹೊರಡಿಸಿತು. ವೇಗಕ್ಕೆ ಮಿತಿಯೇ ಇಲ್ಲದ ಆಟೋಬಾನ್ ಹೆದ್ದಾರಿಯಲ್ಲಿ ಜನ ನಡೆದಾಡಿದರು, ಸೈಕಲ್ ಹೊಡೆದರು. ಹೊಟ್ಟೆಬಾಕ ದೊಡ್ಡ ಇಂಜಿನ್ನುಗಳನ್ನು ಕಂಡರೆ ಅನುಮಾನ ಪಡುವ ಕಾಲ ಬಂತು. ಆಗ ಬೆಂಜ್ ಕಂಪನಿಯ ಕೈಯಲ್ಲಿ ಒಂದು ಹಳೆಯ ಸೊತ್ತಿತ್ತು. 1936ರಲ್ಲೇ 260ಡಿ ಎಂಬ ಡೀಸೆಲ್ ಕಾರನ್ನು ಮಾರುಕಟ್ಟೆಗೆ ತಂದ ಕಂಪನಿ ಅದು. ಟ್ಯಾಕ್ಸಿಯವರೂ ರೈತರೂ ಕೊಳ್ಳುವ ಗಾಡಿ ಎಂದು ಅಷ್ಟು ದಿನ ಮೂಗು ಮುರಿಯುತ್ತಿದ್ದ ಡಾಕ್ಟರುಗಳು, ವಕೀಲರು ಈಗ ಡೀಸೆಲ್ ಮಾದರಿಯ ಬೆಲೆ ವಿಚಾರಿಸತೊಡಗಿದರು. 1974ರಲ್ಲಿ ಹಳೆಯ ಮಾದರಿಗೇ ಐದು ಸಿಲಿಂಡರಿನ ಡೀಸೆಲ್ ಇಂಜಿನ್ ಇಟ್ಟು ಕೊಟ್ಟಿದ್ದರು. ಪ್ರಯಾಣಿಕರ ಕಾರಿನಲ್ಲಿ ಅಂಥದ್ದು ಜಗತ್ತಿಗೇ ಮೊದಲು. ಮುಂದೆ ಫೋಕ್ಸ್‌ವ್ಯಾಗನ್ ಕಂಪನಿಯ ದೊರೆಯೇ ಆದ ಫರ್ಡಿನಾಂಡ್ ಪೀಯೆಖ್ ಪೋರ್ಷೆ ಬಿಟ್ಟು ಆಡಿ ಸೇರುವ ನಡುವಿನ ದಿನಗಳಲ್ಲಿ ಈ ಐದು ಸಿಲಿಂಡರಿನ ಕೆಲಸಕ್ಕೆ ಕೈ ಜೋಡಿಸಿದ್ದರು.

ಹೊಸ ಕಾರಿನ ರೂಪ ತೀರ್ಮಾನವಾದದ್ದು ಫ್ರೆಡ್ರಿಕ್ ಗೈಗರ್ ಅವರ ಕಾಲದಲ್ಲಿ. ಬಾಗಿಲು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ 300 ಎಸ್ಎಲ್ ಅನ್ನು ಗೆರೆ ಎಳೆದು ತೋರಿಸಿದ್ದವರು ಅವರು. 1975ರಲ್ಲಿ ವಿನ್ಯಾಸ ವಿಭಾಗದ ಹೊಣೆ ಇಟಲಿಯ ಉದಿನೆಯಲ್ಲಿ ಹುಟ್ಟಿದ ಬ್ರೂನೋ ಸಾಕೊ ಅವರಿಗೆ ಬಂತು. ಹಳೆಯ ಮಾದರಿ 1968ರಿಂದ 19 ಲಕ್ಷದಷ್ಟು ಮಾರಾಟವಾಗಿತ್ತು. ಗೆದ್ದ ಕುದುರೆಯನ್ನು ಯಾರೂ ತಲೆಕೆಳಗೆ ಮಾಡುವುದಿಲ್ಲವಾದ್ದರಿಂದ ಹೊಸದರಲ್ಲಿ ಅಂಚುಗಳನ್ನು ದುಂಡಗೆ ಮಾಡಿದರು, ಗಾಜು ಹಿಗ್ಗಿಸಿದರು, ಹೆಡ್‌ಲೈಟುಗಳನ್ನು ಅಡ್ಡಕ್ಕೆ ಮಲಗಿಸಿದರು. ಚಿತ್ರ ನೋಡಿದರೆ ಇದೇನು ಮಹಾ ಎನ್ನಿಸುತ್ತದೆ. ಐವತ್ತು ವರ್ಷದ ಮೇಲೂ ಆ ಮುಖ ಹಳತೆನ್ನಿಸದಿರುವುದೇ ಆ ಸಂಕೋಚದ ಲಾಭ ಎಂದು ನನ್ನ ಎಣಿಕೆ.

1976ರಲ್ಲಿ ಮೊದಲು ಬಂದದ್ದು ನಾಲ್ಕು ಬಾಗಿಲಿನ ಸೆಡಾನ್, ಒಂಬತ್ತು ಬಗೆಯ ಇಂಜಿನ್ನುಗಳೊಂದಿಗೆ. ಕೊಳ್ಳುವವರ ಸಾಲು ಬೆಳೆದು ಕಾರು ಕೈಗೆ ಸಿಗಲು ವರ್ಷಗಟ್ಟಲೆ ಕಾಯುವ ಸ್ಥಿತಿ ಬಂತು. ಸರದಿಯಲ್ಲಿ ಮೊದಲಿದ್ದವರು ಕಾರು ತೆಗೆದುಕೊಂಡು ಒಂದಷ್ಟು ತಿಂಗಳು ಓಡಿಸಿ, ಹೊಸದಕ್ಕಿಂತ ಹೆಚ್ಚಿನ ಬೆಲೆಗೆ ಮಾರಿದರು. ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ಮಗಳ ಮದುವೆಯ ಹೊತ್ತಿಗಾದರೂ ಬಂದೀತೇ ಎಂದು ಕಾದ ನಮ್ಮ ಹಿಂದಿನ ತಲೆಮಾರಿಗೆ ಈ ವ್ಯವಹಾರ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಲ್ಲಿನ ಕಾಯುವಿಕೆಗೆ ಲೈಸೆನ್ಸ್ ರಾಜ್ಯ ಕಾರಣ. ಅಲ್ಲಿ ಅಂಗಡಿ ತುಂಬ ಬೇರೆ ಕಾರುಗಳಿದ್ದವು, ಆದರೂ ಜನ ಇದಕ್ಕೇ ಕಾದರು. 1980ರಲ್ಲಿ ಪಶ್ಚಿಮ ಜರ್ಮನಿಯ ನೋಂದಣಿಯಲ್ಲಿ ಇದು ಜನಸಾಮಾನ್ಯರ ಕಾರಾದ ಫೋಕ್ಸ್‌ವ್ಯಾಗನ್ ಗಾಲ್ಫನ್ನೇ ಹಿಂದೆ ಹಾಕಿತು.

ಕಾರಿನ ಹತ್ತಿರ ಹೋಗಿ ನೋಡೋಣ. ಹಿಂಬದಿಯ ಕೆಂಪು ದೀಪದ ಗಾಜು ನುಣುಪಾಗಿಲ್ಲ, ಅಡ್ಡಡ್ಡ ಏಣುಗಳಿವೆ. ಮಳೆಯಲ್ಲಿ ಕೆಸರು ರಾಚಿದಾಗ ಏಣಿನ ಮೇಲ್ಮೈ ಮುಚ್ಚಿದರೂ ತಗ್ಗಿನ ಭಾಗ ಸ್ವಚ್ಛವಾಗಿ ಉಳಿದು ಬೆಳಕು ಹಿಂದಿನವರಿಗೆ ಕಾಣುತ್ತದೆ. ಸ್ಟೇರಿಂಗಿನ ಕಂಬದಲ್ಲಿ ಮಡಿಕೆ ಮಡಿಕೆಯಾದ ಕೊಳವೆಯ ತುಂಡೊಂದಿದೆ. ಎದುರಿಗೆ ಗುದ್ದಿದರೆ ಕಂಬ ಡ್ರೈವರನ ಎದೆಗೆ ಈಟಿಯಂತೆ ನುಗ್ಗುವ ಬದಲು ಅಲ್ಲೇ ನುಲಿದು ಕುಸಿಯುತ್ತದೆ. ಮುಂದೂ ಹಿಂದೂ ನಜ್ಜುಗುಜ್ಜಾಗಿ ಏಟು ತಿನ್ನುವ ಭಾಗ, ನಡುವೆ ಜನ ಕೂರುವ ಗಟ್ಟಿ ಗೂಡು ಎಂಬ ಯೋಚನೆಗೆ ಬೇಲಾ ಬಾರೇನಿ ಎಂಬ ಇಂಜಿನಿಯರ್ ಐವತ್ತರ ದಶಕದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದರು. ಹ್ಯಾಂಡ್‌ಬ್ರೇಕ್ ಎಂಬುದು ಇಲ್ಲಿ ಕಾಲಿಗೆ ಬಂದಿದೆ. ಎಡಗಾಲಲ್ಲಿ ಒತ್ತಿ ಹಾಕುವುದು, ಡ್ಯಾಶ್‌ಬೋರ್ಡಿನ ಹಿಡಿ ಎಳೆದು ಬಿಡುವುದು.

ಡೀಸೆಲ್ ಮಾದರಿಯ ಬಾನೆಟ್ ಎತ್ತಿದರೆ ಇಂಜಿನ್ನಿನ ಪಕ್ಕ ಒಂದು ಸಣ್ಣ ಸನ್ನೆ ಕಾಣುತ್ತದೆ, ಮೇಲೆ 'ಸ್ಟಾಪ್' ಎಂದು ಬರೆದಿದೆ. ಕೀಲಿ ತೆಗೆದರೆ ಇಂಜಿನ್ ನಿಲ್ಲಬೇಕಾದ್ದು ನಿರ್ವಾತದ ಬಲದಿಂದ. ಅದರ ರಬ್ಬರ್ ಕೊಳವೆ ಎಲ್ಲಾದರೂ ಸೀಳಿತೋ, ಕೀಲಿ ಜೇಬಿನಲ್ಲಿದ್ದರೂ ಗಾಡಿ ಗಡಗಡ ಎನ್ನುತ್ತಲೇ ಇರುತ್ತದೆ. ಆಗ ಡ್ರೈವರ್ ಇಳಿದು ಬಾನೆಟ್ ಎತ್ತಿ ಆ ಸನ್ನೆ ಒತ್ತಿ ಉಸಿರು ನಿಲ್ಲಿಸಬೇಕು. ಇದು ಕೆಟ್ಟೇ ಕೆಡುತ್ತದೆ ಎಂದು ಮೊದಲೇ ಗೊತ್ತಿದ್ದವರು ಮಾಡಿದ ಏರ್ಪಾಡು. ಕೆಟ್ಟರೆ ರಸ್ತೆ ಬದಿಯಲ್ಲೇ ಏನು ಮಾಡಬೇಕೆಂದು ಯೋಚಿಸಿಟ್ಟ ಕಾರುಗಳು ಈಗ ಅಪರೂಪ.

ಟ್ಯಾಕ್ಸಿಯವರು ಈ ಕಾರನ್ನು ಹೆಗಲ ಮೇಲೆ ಹೊತ್ತದ್ದು ಇದಕ್ಕೇ. 1971ರಿಂದ ಪಶ್ಚಿಮ ಜರ್ಮನಿಯ ಟ್ಯಾಕ್ಸಿಗಳಿಗೆ ಕಪ್ಪು ಹೋಗಿ ದಂತದ ತಿಳಿಬಣ್ಣ ಕಡ್ಡಾಯವಾಗಿತ್ತು. ಆ ಕೆನೆಬಣ್ಣದ 240ಡಿ ಸಾಲಾಗಿ ರೈಲು ನಿಲ್ದಾಣದ ಮುಂದೆ ನಿಂತ ದೃಶ್ಯವೇ ಆ ದೇಶದ ಗುರುತಾಯಿತು. ಹೊರದೇಶದವರಿಗೆ ವಿಚಿತ್ರವೆನಿಸಿದ್ದು ಇದೇ. ತಮ್ಮೂರಲ್ಲಿ ಶ್ರೀಮಂತರು ಮಾತ್ರ ಹತ್ತುವ ಕಾರು ಇಲ್ಲಿ ಬಾಡಿಗೆಗೆ ಕೈ ಮಾಡಿದರೆ ನಿಲ್ಲುತ್ತದೆ! ಗ್ರೀಸಿನ ಥೆಸಲೋನಿಕಿಯ ಟ್ಯಾಕ್ಸಿ ಚಾಲಕರೊಬ್ಬರು ಹಿಂದಿನ ಪೀಳಿಗೆಯ 240ಡಿಯೊಂದನ್ನು 46 ಲಕ್ಷ ಕಿಲೋಮೀಟರ್ ಓಡಿಸಿ 2004ರಲ್ಲಿ ಕಂಪನಿಗೇ ಒಪ್ಪಿಸಿದರು. ನಡುವೆ ಇಂಜಿನ್ನುಗಳನ್ನು ಬದಲಿಸಿ ಬದಲಿಸಿ ಹಾಕಿದ್ದರು, ನಿಜ. ಆದರೂ ಭೂಮಿಯಿಂದ ಚಂದ್ರನಿಗೆ ಹನ್ನೆರಡು ಬಾರಿ ಹೋಗುವಷ್ಟು ದೂರ ಅದು.

ಸೆಡಾನ್ ಬಂದ ಮರುವರ್ಷದಿಂದ ಅದೇ ಯಂತ್ರಭಾಗಕ್ಕೆ ಬೇರೆ ಬೇರೆ ಮೈಗಳು ಬರತೊಡಗಿದವು. ನಮ್ಮಲ್ಲಿ ಲಾರಿ ಕೊಳ್ಳುವವರು ಬರೀ ಚಾಸಿ ತಂದು ಬೇಕಾದಂತೆ ಬಾಡಿ ಕಟ್ಟಿಸುತ್ತಾರಲ್ಲ, ಆ ಕೆಲಸವನ್ನು ಕಂಪನಿಯೇ ಕೈಗೆತ್ತಿಕೊಂಡಿತು ಎನ್ನಬಹುದು. ಕಡತದಲ್ಲಿ ಸೆಡಾನ್ ಡಬ್ಲ್ಯು 123 ಆದರೆ ಕೂಪೆ ಸಿ 123, ಸ್ಟೇಷನ್ ವ್ಯಾಗನ್ ಎಸ್ 123, ಉದ್ದದ ಕಾರು ವಿ 123, ಬರೀ ಚಾಸಿ ಎಫ್ 123.

ಕೂಪೆ 1977ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಎರಡೇ ಬಾಗಿಲು, ಚಕ್ರಗಳ ನಡುವಿನ ಅಂತರ ಎಂಟೂವರೆ ಸೆಂಟಿಮೀಟರ್ ಕಡಿಮೆ, ಸೂರು ತುಸು ತಗ್ಗು. ಮುಂದಿನ ಹಿಂದಿನ ಕಿಟಕಿಗಳ ನಡುವೆ ಕಂಬವೇ ಇಲ್ಲ. ನಾಲ್ಕೂ ಗಾಜು ಇಳಿಸಿದರೆ ಕಾರಿನ ಪಕ್ಕೆಯೇ ತೆರೆದುಕೊಳ್ಳುತ್ತದೆ. ನೋಡಲು ಐದರಲ್ಲಿ ಇದೇ ಚೆಂದ. ಚೆಂದಕ್ಕಿಂತ ಹೆಚ್ಚಿನದೇನೂ ನನಗೆ ಅದರಲ್ಲಿ ಕಂಡಿಲ್ಲ. ಒಟ್ಟು ಹೊರಬಂದದ್ದು ಒಂದು ಲಕ್ಷಕ್ಕೆ ನೂರ ಹದಿನಾರು ಕಡಿಮೆ. ಅದರಲ್ಲಿ ಒಂದು ತಮಾಷೆಯ ಕೂಸಿದೆ. ಅಮೆರಿಕ ಸರಕಾರ 1975ರ ಕಾನೂನಿನಲ್ಲಿ, ಒಂದು ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ ಇಂತಿಷ್ಟು ಇರಲೇಬೇಕು ಎಂದಿತು. ದೊಡ್ಡ ಪೆಟ್ರೋಲ್ ಇಂಜಿನ್ನಿನ ಕಾರುಗಳನ್ನು ಅಲ್ಲಿ ಮಾರುತ್ತಲೇ ಸರಾಸರಿಯನ್ನು ಮೇಲೆತ್ತಬೇಕಾದರೆ ಬೆಂಜ್‌ಗೆ ಡೀಸೆಲ್ ಕಾರು ಹೆಚ್ಚು ಹೆಚ್ಚು ಖರ್ಚಾಗಬೇಕಿತ್ತು. ಹೀಗೆ ಅಮೆರಿಕಕ್ಕೆಂದೇ 300ಸಿಡಿ ಹುಟ್ಟಿತು: ಷೋಕಿಯ ಕೂಪೆಯ ಮೈಯೊಳಗೆ ಟ್ಯಾಕ್ಸಿಯ ಇಂಜಿನ್. ಜರ್ಮನಿಯವರು ಅದನ್ನು ತಮ್ಮಲ್ಲಿ ಮಾರಲೂ ಇಲ್ಲ. ಕ್ಯಾಲಿಫೋರ್ನಿಯಾದವರಿಗೆ ಅದೇ ಗತ್ತಿನ ಗಾಡಿಯಾಯಿತು.

ಸ್ಟೇಷನ್ ವ್ಯಾಗನ್ನಿನ ಕತೆಗೆ ಮಾತ್ರ ಸ್ವಲ್ಪ ಸಾವಧಾನ ಬೇಕು.

ಜರ್ಮನಿಯಲ್ಲಿ ಡಿಕ್ಕಿಯ ಬದಲು ಉದ್ದ ಸೂರು, ಹಿಂದೊಂದು ಬಾಗಿಲು ಇರುವ ಕಾರಿಗೆ 'ಕೊಂಬಿ' ಎನ್ನುತ್ತಾರೆ. ಕೊಂಬಿ ಎಂದರೆ ಪ್ಲಂಬರನ ಗಾಡಿ, ಬಣ್ಣ ಬಳಿಯುವವನ ಗಾಡಿ. ಏಣಿ, ಪೈಪು, ಡಬ್ಬ ತುಂಬಿಕೊಂಡು ಓಡಾಡುವಂಥದ್ದು. ಬೆಂಜ್ ಸೆಡಾನಿನ ಹಿಂಭಾಗ ಕತ್ತರಿಸಿ ಕೊಂಬಿ ಮಾಡಿಕೊಡುವ ಹೊರಗಿನ ಕಾರ್ಯಾಗಾರಗಳಿದ್ದವು. ಅರವತ್ತರ ದಶಕದಲ್ಲಿ ಬೆಲ್ಜಿಯಂನಲ್ಲಿ ಅಂಥ ಒಂದಷ್ಟು ಕಾರುಗಳು ತಯಾರಾಗಿದ್ದವು. ಆದರೆ ನಮ್ಮ ನಕ್ಷತ್ರ ಹೊತ್ತ ಕಾರು ಸಿಮೆಂಟ್ ಚೀಲ ಹೊರುವುದೇ ಎಂಬ ಅಳುಕು ಕಂಪನಿಗೆ ಬಿಟ್ಟಿರಲಿಲ್ಲ. 1977ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕೊನೆಗೂ ವ್ಯಾಗನ್ ತಂದಾಗ ಕೊಂಬಿ ಎಂಬ ಪದವನ್ನು ಬಾಯಿಗೇ ತರಲಿಲ್ಲ. 'ಟಿ ಮಾದರಿ' ಎಂದರು. ಟಿ ಎಂದರೆ ಪ್ರವಾಸ ಮತ್ತು ಸಾಗಣೆ, ಜರ್ಮನ್ ಭಾಷೆಯಲ್ಲಿ ಎರಡೂ ಪದ ಟಿಯಿಂದಲೇ ಶುರು. ಪ್ರವಾಸ ಮೊದಲು, ಸಾಗಣೆ ಆಮೇಲೆ. ಸೂರಿನ ಮೇಲೆ ಹೊಳೆಯುವ ಎರಡು ಉದ್ದ ಸರಳು ಹಾಕಿದರು, ಸ್ಕೀಯಿಂಗ್ ಹಲಗೆಗಳಿಗೆಂದು.

ಹೆಸರಿನ ನಾಟಕ ಏನೇ ಇರಲಿ, ಕೆಲಸದಲ್ಲಿ ಮೋಸವಿರಲಿಲ್ಲ. ಹಿಂದೆ ಎಷ್ಟು ಭಾರ ಹೇರಿದರೂ ಕಾರಿನ ಬೆನ್ನು ಕುಗ್ಗದಂತೆ ಎಣ್ಣೆ ಮತ್ತು ಅನಿಲದ ಒತ್ತಡದಿಂದ ತಾನಾಗಿ ಎತ್ತರ ಸರಿಪಡಿಸಿಕೊಳ್ಳುವ ಸಸ್ಪೆನ್ಷನ್ನನ್ನು ಎಲ್ಲ ಟಿ ಮಾದರಿಗೂ ಕೊಟ್ಟರು. ಹಿಂದಿನ ಸೀಟನ್ನು ಮೂರರಲ್ಲಿ ಒಂದು ಭಾಗ, ಮೂರರಲ್ಲಿ ಎರಡು ಭಾಗ ಎಂದು ಬೇರೆ ಬೇರೆಯಾಗಿ ಮಡಚಬಹುದಿತ್ತು. ಬೇಕೆಂದವರಿಗೆ ತೀರ ಹಿಂದೆ, ರಸ್ತೆಗೆ ಮುಖ ಮಾಡಿ ಕೂರುವ ಮಕ್ಕಳ ಸೀಟು. ಹಿಂದಿನ ಕಾರಿನವರಿಗೆ ನಾಲಿಗೆ ಚಾಚಿ ಅಣಕಿಸುತ್ತ ಬೆಳೆದ ಒಂದು ಪೀಳಿಗೆಯೇ ಜರ್ಮನಿಯಲ್ಲಿ ಇರಬೇಕು. ಇಷ್ಟಾದರೂ ಕಾರಿನ ಉದ್ದ ಸೆಡಾನಿನಷ್ಟೇ.

ಈ ಮೈ ತಯಾರಾದದ್ದು ಷ್ಟುಟ್‌ಗಾರ್ಟ್ ಸೀಮೆಯ ಸಿಂಡೆಲ್‌ಫಿಂಗೆನ್ನಿನ ಕಂಪನಿಯ ಕಾರ್ಖಾನೆಯಲ್ಲಿ ಅಲ್ಲ, ಉತ್ತರದ ಬಂದರು ನಗರ ಬ್ರೆಮೆನ್ನಿನಲ್ಲಿ. ಅಲ್ಲಿನ ಸೆಬಾಲ್ಡ್ಸ್‌ಬ್ರೂಕ್ ಕಾರ್ಖಾನೆ ಮೊದಲು ಕಾರ್ಲ್ ಬೋರ್ಗ್‌ವಾರ್ಡ್ ಅವರದು. ಐವತ್ತರ ದಶಕದಲ್ಲಿ ಇಸಬೆಲ್ಲಾ ಎಂಬ ಮುದ್ದಾದ ಕಾರು ಮಾಡಿ ಹೆಸರು ಗಳಿಸಿದ್ದ ಆ ಕಂಪನಿ 1961ರಲ್ಲಿ ದಿವಾಳಿಯಾಯಿತು. ಎರಡು ವರ್ಷಕ್ಕೆ ಬೋರ್ಗ್‌ವಾರ್ಡ್ ತೀರಿಕೊಂಡರು. ಕಡೆಗೆ ಲೆಕ್ಕ ಚುಕ್ತಾ ಮಾಡುವಾಗ ಸಾಲ ಕೊಟ್ಟವರಿಗೆಲ್ಲ ಪೂರ್ತಿ ಹಣ ಸಂದಿತು! ಮುಳುಗಲೇಬೇಕಿರದ ಹಡಗನ್ನು ಮುಳುಗಿಸಿದರೆಂಬ ಮಾತು ಬ್ರೆಮೆನ್ನಿನಲ್ಲಿ ಆಗಿನಿಂದ ಕೇಳಿಬರುತ್ತಲೇ ಇದೆ. ಕಾರ್ಖಾನೆ ಲಾರಿ ಮಾಡುವ ಹಾನೊಮಾಗ್ ಕಂಪನಿಯ ಪಾಲಾಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಜ್ ಕೈಗೆ ಬಂತು. 1978ರ ವಸಂತದಲ್ಲಿ ಟಿ ಮಾದರಿಯ ತಯಾರಿಕೆ ಅಲ್ಲಿ ಶುರುವಾದಾಗ, ಹದಿನೇಳು ವರ್ಷಗಳ ನಂತರ ಆ ಸಾಲಿನಿಂದ ಮತ್ತೆ ಕಾರುಗಳು ಇಳಿದವು. ಸುಮಾರು ಎರಡು ಲಕ್ಷ ವ್ಯಾಗನ್ನುಗಳು ಅಲ್ಲಿಂದ ಹೊರಟವು. ಅವುಗಳಲ್ಲಿ ಒಂದು ಟರ್ಬೋ ಡೀಸೆಲ್ಲಿನದು, 125 ಅಶ್ವಶಕ್ತಿಯದು, 1980ರಲ್ಲಿ ಬಂತು. ಜರ್ಮನಿಯಲ್ಲಿ ಆ ಇಂಜಿನ್ ಸಿಗುತ್ತಿದ್ದುದು ಈ ವ್ಯಾಗನ್ನಿನಲ್ಲಿ ಮಾತ್ರ. ಪ್ಲಂಬರನ ಗಾಡಿ ಆದೀತೆಂದು ಹೆದರಿದ್ದ ಮೈಗೇ ಡೀಸೆಲ್‌ಗಳಲ್ಲಿ ಎಲ್ಲಕ್ಕಿಂತ ಚುರುಕಿನದು ಒಲಿಯಿತು. ವ್ಯಾಗನ್ ಎಂದರೆ ಉಳ್ಳವರ ಗಾಡಿ ಎಂಬ ಈಗಿನ ಯುರೋಪಿನ ಕಲ್ಪನೆಯ ಬೇರು ಬಹುಮಟ್ಟಿಗೆ ಇಲ್ಲಿದೆ.

ಉಳಿದೆರಡು ಮೈಗಳು ಜನರ ಕಣ್ಣಿಗೆ ಬೀಳುತ್ತಿದ್ದುದು ವಿಶೇಷ ದಿನಗಳಲ್ಲಿ. ಉದ್ದದ ಸೆಡಾನಿನಲ್ಲಿ ಚಕ್ರಗಳ ನಡುವೆ 63 ಸೆಂಟಿಮೀಟರ್ ಹೆಚ್ಚಿಸಿ, ಮಡಚುವ ನಡುಸೀಟು ಇಟ್ಟು ಎಂಟು ಜನಕ್ಕೆ ಜಾಗ ಮಾಡಿದ್ದರು. ಹೋಟೆಲುಗಳು, ರಾಯಭಾರ ಕಚೇರಿಗಳು ಕೊಂಡವು. 13,700 ಕಾರು ಆದವು. ಇನ್ನು ಬರೀ ಚಾಸಿ: ಮುಂಭಾಗ, ಇಂಜಿನ್, ಚಕ್ರ ಇಷ್ಟನ್ನು ಕೊಟ್ಟು ಹಿಂಭಾಗವನ್ನು ಬಾಡಿ ಕಟ್ಟುವವರಿಗೆ ಬಿಡುತ್ತಿದ್ದರು. ಬಾನ್ ನಗರದ ಮೀಸೆನ್, ಲೋರ್ಖ್ ಊರಿನ ಬಿಂಟ್ಸ್ ಅವುಗಳ ಮೇಲೆ ಆಂಬುಲೆನ್ಸ್ ಕಟ್ಟಿದರು, ಹೆಣದ ಗಾಡಿಗಳೂ ಆದವು. ಒಟ್ಟು ಎಂಟು ಸಾವಿರದ ಚಿಲ್ಲರೆ. ಹೆರಿಗೆ ನೋವಿನಲ್ಲಿ ಟ್ಯಾಕ್ಸಿ ಹತ್ತಿ ಆಸ್ಪತ್ರೆ ಸೇರಿದ ತಾಯಿಯ ಮಗು ವ್ಯಾಗನ್ನಿನ ಹಿಂದಿನ ಸೀಟಿನಲ್ಲಿ ಶಾಲೆಯ ರಜೆಗೆ ಹೋಗಿ, ಆ ಮನೆಯ ಅಜ್ಜನ ಕೊನೆಯ ಪಯಣಕ್ಕೂ ಅದೇ ಮುಖದ ಗಾಡಿ ಬಾಗಿಲಿಗೆ ಬಂದು ನಿಂತದ್ದುಂಟು.

ನಮ್ಮ ದೇಶದ ರಸ್ತೆ ಈ ಕಾರನ್ನು ನೋಡಿದ್ದು 1977ರಲ್ಲಿ. ಆಗಸ್ಟ್ 14ರಂದು ಲಂಡನ್ನಿನ ಕೊವೆಂಟ್ ಗಾರ್ಡನ್ನಿನಿಂದ ಸಿಡ್ನಿಯ ಕಡೆಗೆ ಒಂದು ಓಟ ಹೊರಟಿತು. ಸುಮಾರು 30,000 ಕಿಲೋಮೀಟರ್, ಆರು ವಾರ. ಟರ್ಕಿ, ಇರಾನ್, ಅಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂದು, ಮದರಾಸಿನಲ್ಲಿ ಹಡಗು ಹತ್ತಿ ಪೆನಾಂಗ್ ಸೇರಿ, ಮುಂದೆ ಆಸ್ಟ್ರೇಲಿಯದ ಮಣ್ಣಿನ ದಾರಿ. ಕಾಬೂಲಿನ ಮೂಲಕ ಹೀಗೆ ಕಾರು ಓಡಿಸಿಕೊಂಡು ಬರುವ ಕಾಲ ಇನ್ನೆರಡೇ ವರ್ಷಕ್ಕೆ ಮುಗಿಯಿತೆಂಬುದನ್ನು ನೆನೆದರೆ ಆ ಓಟ ಬೇರೆಯೇ ಯುಗದ್ದೆನಿಸುತ್ತದೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಕೋವನ್ 280ಇ ಸೆಡಾನಿನಲ್ಲಿ ಮೊದಲಿಗರಾದರು. 1968ರ ಇದೇ ಓಟವನ್ನು ಹಿಲ್‌ಮನ್ ಕಾರಿನಲ್ಲಿ ಗೆದ್ದವರೂ ಅವರೇ. ಎರಡನೆಯ ಸ್ಥಾನವೂ ಮತ್ತೊಂದು 280ಇ ಪಾಲಾಯಿತು.

1984ರ ಕೊನೆಗೆ ಉತ್ತರಾಧಿಕಾರಿ ಡಬ್ಲ್ಯು 124 ಬಂತು. ಹಗುರ, ಗಾಳಿಯನ್ನು ಸೀಳುವಲ್ಲಿ ಜಾಣ. ಹಳೆಯದು ಇನ್ನೊಂದು ವರ್ಷ ಜೊತೆಗೇ ನಡೆದು ನಿಂತಿತು. ಅದರ ಎರಡನೆಯ ಜನ್ಮ ಅಷ್ಟರಲ್ಲಿ ಶುರುವಾಗಿತ್ತು. ಜರ್ಮನಿಯಲ್ಲಿ ಎರಡು ಮೂರು ಲಕ್ಷ ಕಿಲೋಮೀಟರ್ ಓಡಿದ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ ಮೆಡಿಟರೇನಿಯನ್ ಸಮುದ್ರ ದಾಟಿ ಬೈರೂತಿಗೆ, ಪಶ್ಚಿಮ ಆಫ್ರಿಕಕ್ಕೆ, ಮೊರಾಕ್ಕೋಗೆ ಹೋದವು.

ಮೊರಾಕ್ಕೋದಲ್ಲಿ ಇದಕ್ಕೆ 'ಗ್ರಾಂ ಟ್ಯಾಕ್ಸಿ', ಅಂದರೆ ದೊಡ್ಡ ಟ್ಯಾಕ್ಸಿ ಎಂದು ಹೆಸರು. ಊರಿಂದೂರಿಗೆ ಗೊತ್ತುಮಾಡಿದ ದಾರಿ, ತಲೆಗಿಷ್ಟು ಬಾಡಿಗೆ. ಹೊರಡುವ ಹೊತ್ತು ಗಡಿಯಾರದಲ್ಲಿಲ್ಲ, ಸೀಟು ತುಂಬಿದರೆ ಹೊರಟಿತು. ಐದು ಜನಕ್ಕೆಂದು ಮಾಡಿದ ಕಾರಿನಲ್ಲಿ ಹಿಂದೆ ನಾಲ್ವರು, ಮುಂದೆ ಡ್ರೈವರನ ಪಕ್ಕ ಇಬ್ಬರು. ಗೇರ್ ಹಾಕುವಾಗಲೆಲ್ಲ ನಡುವೆ ಕೂತವನು ಮೊಣಕಾಲು ಸರಿಸಬೇಕಿತ್ತು. ಅವಸರವಿದ್ದವನು, ಅಥವಾ ಮುಂದಿನ ಸೀಟಿನಲ್ಲಿ ಆರಾಮಾಗಿ ಕೂರಬೇಕೆಂದವನು ಇಬ್ಬರ ಬಾಡಿಗೆ ಕೊಡುತ್ತಿದ್ದ. ಅಟ್ಲಾಸ್ ಬೆಟ್ಟದ ತಿರುವುಗಳಲ್ಲಿ ಡಿಕ್ಕಿಯೂ ತುಂಬಿ, ಸೂರಿನ ಮೇಲೆ ಗಂಟುಮೂಟೆ ಹೇರಿಕೊಂಡು ಹೊಗೆಯುಗುಳುತ್ತ ಆ ಮರಳದಿಬ್ಬ ದಶಕಗಳ ಕಾಲ ಸರಿಯಿತು. 2010ರ ದಶಕದಲ್ಲಿ ಅಲ್ಲಿನ ಸರಕಾರ ಹಳೆಯ ಬೆಂಜ್ ಗುಜರಿಗೆ ಹಾಕಿ ಹೊಸ ಗಾಡಿ ಕೊಳ್ಳುವವರಿಗೆ ಸಹಾಯಧನ ಕೊಟ್ಟಿತು. ಡಾಚಿಯಾ ಕಂಪನಿಯ ಏಳು ಸೀಟಿನ ಗಾಡಿಗಳು ಬಂದವು. ಇತ್ತ ಜರ್ಮನಿಯಲ್ಲಿ ಉಳಿದ ಕಾರುಗಳಿಗೆ ಮೂವತ್ತು ವರ್ಷ ತುಂಬಿ, ಪಾರಂಪರಿಕ ವಾಹನಕ್ಕೆ ಕೊಡುವ ನಂಬರ್ ಪ್ಲೇಟ್ ಸಿಕ್ಕಿತು. ಆ ನಂಬರ್ ಹೊತ್ತ ಕಾರುಗಳ ಪಟ್ಟಿಯಲ್ಲಿ ಡಬ್ಲ್ಯು 123 ಮೊದಲ ಸಾಲಿನಲ್ಲೇ ಇದೆ.

ಮೊರಾಕ್ಕೋದ ಆ ಟ್ಯಾಕ್ಸಿಯ ವರ್ಣನೆ ಓದುತ್ತ ವಿಜಯಪುರದವರಿಗೋ ಕಲಬುರಗಿಯವರಿಗೋ ತಮ್ಮೂರೇ ನೆನಪಾದರೆ ಅದರಲ್ಲಿ ಆಶ್ಚರ್ಯವಿಲ್ಲ, ಒಂದು ನಿಜವಾದ ನಂಟೇ ಇದೆ.

ಬೆಂಜ್ ನಕ್ಷತ್ರ ನಮ್ಮವರಿಗೆ ಮೊದಲು ಪರಿಚಯವಾದದ್ದು ಕಾರಿನ ಮೇಲಲ್ಲ, ಲಾರಿಯ ಮೇಲೆ. 1954ರಿಂದ ಹದಿನೈದು ವರ್ಷ ಟಾಟಾದವರು ಜಮ್ಶೇಡ್‌ಪುರದಲ್ಲಿ ಜರ್ಮನ್ ಕಂಪನಿಯ ಜೊತೆಗೂಡಿ ಲಾರಿ ಮಾಡಿದರು; ಘಾಟಿ ಏರುವ ಬೆಂಜ್ ಲಾರಿಯ ಮೂತಿಯಲ್ಲಿ ನಕ್ಷತ್ರ ಇರುತ್ತಿತ್ತು. ಬೆಂಜ್ ಕಾರು ಭಾರತದಲ್ಲೇ ತಯಾರಾದದ್ದು ಬಹಳ ತಡವಾಗಿ, 1995ರಲ್ಲಿ, ಪುಣೆಯಲ್ಲಿ. ಅದೂ ಜರ್ಮನಿಯಲ್ಲಿ ಆಗಷ್ಟೇ ಹಳತಾಗುತ್ತಿದ್ದ ಡಬ್ಲ್ಯು 124. ಡಬ್ಲ್ಯು 123ಕ್ಕೆ ಇಲ್ಲಿ ಕಾರ್ಖಾನೆ ಸಿಗಲಿಲ್ಲ. ಅದರ ಇಂಜಿನ್ನಿಗೆ ಸಿಕ್ಕಿತು. ಪುಣೆಯ ಬಜಾಜ್ ಟೆಂಪೋ, ಇಂದಿನ ಫೋರ್ಸ್ ಮೋಟರ್ಸ್, 1980ರ ದಶಕದಲ್ಲಿ 240ಡಿಯ ಇಂಜಿನ್ನನ್ನು ತಯಾರಿಸಲು ಪರವಾನಗಿ ಪಡೆಯಿತು. ಓಎಂ 616 ಎಂಬುದು ಅದರ ಕಾರ್ಖಾನೆಯ ಹೆಸರು. ನಾಲ್ಕು ಸಿಲಿಂಡರ್, 2.4 ಲೀಟರ್. ಪಶ್ಚಿಮ ಜರ್ಮನಿಯ ಟ್ಯಾಕ್ಸಿ ಡ್ರೈವರ್ ಮೌನಾಚರಣೆ ಮಾಡುತ್ತಿದ್ದುದು ಇಂಥದೇ ಇಂಜಿನ್ನಿನ ಮುಂದೆ.

ಆ ಇಂಜಿನ್ ಟೆಂಪೋ ಟ್ರಾವೆಲರ್ ಒಳಗೆ ಸೇರಿ ಧರ್ಮಸ್ಥಳ, ಕುಕ್ಕೆ, ಶಬರಿಮಲೆಗೆ ಟ್ರಿಪ್ ಹೊಡೆಯಿತು. ಟ್ರ್ಯಾಕ್ಸ್ ಒಳಗೆ ಸೇರಿ ಉತ್ತರ ಕರ್ನಾಟಕದ ಹಳ್ಳಿಗಳ 'ಕ್ರೂಸರ್' ಆಯಿತು. ಮದುವೆಯ ದಿಬ್ಬಣ, ಸಂತೆ, ಹತ್ತಿ ಬಿಡಿಸುವ ಕೂಲಿಯವರು, ಪಂಢರಪುರದ ಯಾತ್ರೆ, ಎಲ್ಲಕ್ಕೂ ಅದೇ. ಇಲ್ಲೂ ಸೀಟು ತುಂಬಿದರೆ ಹೊರಟಿತು. ಕಾಲಕ್ರಮದಲ್ಲಿ ಪುಣೆಯವರು ಇಂಜಿನ್ನನ್ನು 2.6 ಲೀಟರಿಗೆ ಹಿಗ್ಗಿಸಿ, ಡೀಸೆಲ್ ಚಿಮ್ಮಿಸುವ ಹೊಸ ವ್ಯವಸ್ಥೆ ಕೂಡಿಸಿದರು. ಹಿಗ್ಗಿಸಿದ್ದು ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವನ್ನು, 92.4 ಮಿಲಿಮೀಟರಿನಿಂದ 100ಕ್ಕೆ. ಸಿಲಿಂಡರಿನ ಅಗಲ 240ಡಿಯಲ್ಲಿ ಇದ್ದಷ್ಟೇ ಇದೆ, 90.9 ಮಿಲಿಮೀಟರ್.